ಕುಶನ್‌ಗೆ ಯಾವ ಲೇಸ್ ಅಂತ ಕೇಳಿದ್ದೀರಿ, ಮೊದಲು ಅದನ್ನು ನೀರಲ್ಲಿ ನೆನೆಸಿ

ಸಾಸಿವೆ ಬಣ್ಣದ ಟೆರಿಕಾಟ್ ಬಟ್ಟೆ, ಐದು ಕುಶನ್, ಒಂದು ದಿವಾನ್ ಕವರ್. ಕ್ರೋಶಾ ಲೇಸ್, ನೂಲಿನ ಪುಟ್ಟ ಉಂಡೆಗಳು ನೇತಾಡುವ ಪಾಂಪಾಂ, ಜರಿ ಬಾರ್ಡರ್ ಈ ಮೂರರಲ್ಲಿ ಯಾವುದು ರಿಚ್ ಆಗಿ ಕಾಣುತ್ತದೆ, 9 ಮೀಟರಿನ ಒಂದು ರೋಲ್ ಸಾಕಾ ಅಂತ ನಿಮ್ಮ ಪ್ರಶ್ನೆ. ಅಂಗಡಿಯಲ್ಲಿ ಮೂರೂ ಚೆನ್ನಾಗೇ ಕಾಣುತ್ತವೆ ಮೇಡಂ. ನಾನೂ ಬಟ್ಟೆಯ ತುಂಡು ಹಿಡಿದುಕೊಂಡು, ಬಣ್ಣಕ್ಕೆ ಬಣ್ಣ ಇಟ್ಟು ನೋಡುತ್ತಾ ಚಿಕ್ಕಪೇಟೆಯ ಲೇಸ್ ಅಂಗಡಿಗಳಲ್ಲಿ ಅರ್ಧ ದಿನ ಕಳೆದವಳೇ. ಕೊನೆಗೆ ನೀಲಿ ಟೆರಿಕಾಟ್‌ಗೆ ಬಿಳಿ ಕಾಟನ್ ಕ್ರೋಶಾ ಲೇಸ್ ತಂದೆ.

ಹೊಲಿದಾಗ ಎಲ್ಲರೂ ಹೊಗಳಿದರು. ಮೊದಲ ಸಲ ಒಗೆದು ತೆಗೆದರೆ ಕುಶನ್ನಿನ ನಾಲ್ಕೂ ಅಂಚು ಸುಟ್ಟ ಹಪ್ಪಳದ ಹಾಗೆ ಸುರುಟಿಕೊಂಡಿತ್ತು.

ಟೆರಿಕಾಟ್‌ನಲ್ಲಿ ಪಾಲಿಯೆಸ್ಟರ್ ಇರುತ್ತದೆ, ಒಗೆದರೂ ಹೆಚ್ಚುಕಡಿಮೆ ಅಷ್ಟೇ ಅಳತೆ. ಕಾಟನ್ ಲೇಸ್ ಮೊದಲ ನೀರಿಗೇ ಕುಗ್ಗುತ್ತದೆ. 16 ಇಂಚಿನ ಕುಶನ್ ಅಂದರೆ ಸುತ್ತಳತೆ 64 ಇಂಚು. ಲೇಸ್ ನೂರಕ್ಕೆ ಮೂರರಷ್ಟು ಕುಗ್ಗಿದರೂ ಸುಮಾರು ಎರಡು ಇಂಚು ಹೋಯಿತು. ಬಟ್ಟೆ 64 ಇಂಚೇ ಇದೆ, ಲೇಸ್ 62 ಆಗಿದೆ, ಹೊಲಿಗೆ ಎರಡನ್ನೂ ಬಿಡುವುದಿಲ್ಲ, ಮಿಕ್ಕಿದ ಬಟ್ಟೆ ಎಲ್ಲಿಗೆ ಹೋಗಬೇಕು? ನೆರಿಗೆಯಾಗಿ ನಿಲ್ಲುತ್ತದೆ. ಸಾಲದ್ದಕ್ಕೆ ಹೊಲಿಯುವಾಗ ನೇರ ಬರಲಿ ಅಂತ ಲೇಸನ್ನು ಎಳೆದು ಹಿಡಿದಿದ್ದೆ. ಎಳೆದು ಹೊಲಿದಿದ್ದು ನೀರು ಬಿದ್ದ ಮೇಲೆ ವಾಪಸ್ ತನ್ನ ಉದ್ದಕ್ಕೆ ಬಂತು. ಇಸ್ತ್ರಿ ಒತ್ತಿದೆ, ಹೋಗಲಿಲ್ಲ. ಬಿಚ್ಚಲು ಹೋದೆ, ಸೂಜಿ ತೂತುಗಳು ಸಾಲಾಗಿ ಉಳಿದವು. ಅಷ್ಟೂ ಬಟ್ಟೆ, ಅಷ್ಟೂ ಲೇಸ್ ದಂಡ.

ಹೊಟ್ಟೆ ಉರಿದಿದ್ದು ದುಡ್ಡಿಗಲ್ಲ. ನಾನು ಅಕ್ಕಪಕ್ಕದವರ ಸೀರೆಗೆ ಫಾಲ್ ಹಾಕಿಕೊಡುವವಳು! ಫಾಲನ್ನು ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಹಚ್ಚಬೇಕು, ಇಲ್ಲದಿದ್ದರೆ ಸೀರೆಯ ಅಂಚು ಎಳೆದುಕೊಳ್ಳುತ್ತದೆ ಅಂತ ಬೇರೆಯವರಿಗೆ ಪಾಠ ಹೇಳುವವಳು. ರಟ್ಟಿಗೆ ಅಂದವಾಗಿ ಸುತ್ತಿಟ್ಟ ಲೇಸ್ ನೋಡಿದಾಗ ಅದೂ ದಾರವೇ ಅಂತ ಹೊಳೆಯಲೇ ಇಲ್ಲ. ನಮ್ಮ ಅತ್ತೆ ಕುಶನ್ ತಿರುಗಿಸಿ ನೋಡಿ, "ಫಾಲ್ ನೆನೆಸ್ತೀಯ, ಇದನ್ಯಾಕೆ ನೆನೆಸಲಿಲ್ಲ?" ಅಂದರು. ಏನು ಹೇಳಲಿ?

ಆದ್ದರಿಂದ ರಿಚ್ ವಿಷಯ ಪಕ್ಕಕ್ಕಿಡಿ. ಅದರ ಮೇಲೆ ಯಾರು ಕೂರುತ್ತಾರೆ, ಹೇಗೆ ಒಗೆಯುತ್ತೀರಿ, ಅದನ್ನು ಯೋಚಿಸಿ. ದಿನಾ ಒರಗುವ ಕುಶನ್‌ಗೆ ಜರಿ ಬೇಡವೇ ಬೇಡ. ತೋಳಿಗೆ ಗೀರುತ್ತದೆ, ಕೂದಲು ಸಿಕ್ಕಿಕೊಳ್ಳುತ್ತದೆ. ಈಗ ಕಡಿಮೆ ಬೆಲೆಗೆ ಸಿಗುವ ಜರಿ ಹೆಚ್ಚಾಗಿ ಪ್ಲಾಸ್ಟಿಕ್ ಥರದ್ದೇ, ಬಿಸಿ ಇಸ್ತ್ರಿ ತಾಗಿದರೆ ಮುದುಡುತ್ತದೆ. ಪಾಂಪಾಂ ಪರದೆಗೆ ಚೆಂದ. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಅದನ್ನು ಕಿತ್ತು ಬಾಯಿಗೆ ಹಾಕುತ್ತವೆ, ಪರದೆಗೂ ಬೇಡ.

ನನ್ನ ಕೇಳಿದರೆ ಕುಶನ್‌ಗೆ ಲೇಸೇ ಬೇಡ, ಪೈಪಿಂಗ್ ಹಾಕಿ, ಅಂದರೆ ದಾರವನ್ನು ಒಳಗಿಟ್ಟು ಮಡಚಿದ ಬಟ್ಟೆಯ ಪಟ್ಟಿಯನ್ನು ಅಂಚಿಗೆ ಹೊಲಿಯುವುದು. ಮೆರೂನ್ ಬಟ್ಟೆಯನ್ನು ಓರೆಯಾಗಿ, ಟೈಲರ್‌ಗಳು ಕ್ರಾಸ್ ಅನ್ನುತ್ತಾರಲ್ಲ ಹಾಗೆ ಕತ್ತರಿಸಿ. ಆಗಲೇ ಅದು ಮೂಲೆಯಲ್ಲಿ ಸುಕ್ಕಾಗದೆ ತಿರುಗುವುದು. ಒಳಗೆ ಇಡುವ ದಾರ ಕಾಟನ್ ಆದರೆ ಅದನ್ನೂ ನೆನೆಸಿ. ಮೆಷಿನ್ನಿಗೆ ಜಿಪ್ ಹೊಲಿಯುವ ಒಂಟಿ ಫುಟ್ ಹಾಕಿಕೊಳ್ಳಿ, ಇಲ್ಲದಿದ್ದರೆ ಹೊಲಿಗೆ ದಾರದ ಹತ್ತಿರಕ್ಕೇ ಬರುವುದಿಲ್ಲ.

ಲೇಸೇ ಬೇಕು ಅಂದರೆ ರೋಲ್ ಲೆಕ್ಕ: ಜೋಡಣೆಗೆ, ಮೂಲೆಗೆ ನಾಲ್ಕು ಇಂಚು ಸೇರಿಸಿದರೆ ಕುಶನ್‌ಗೆ 68 ಇಂಚು, ಐದಕ್ಕೆ ಸುಮಾರು 8.6 ಮೀಟರ್. ಒಂದು ರೋಲ್ ಅಲ್ಲಿಗೇ ಖಾಲಿ. ದಿವಾನ್‌ಗೆ, ಅದು ಆರಡಿ ಉದ್ದ ಎರಡೂವರೆ ಅಡಿ ಅಗಲ ಅಂತ ಇಟ್ಟುಕೊಂಡರೆ, ಮೂರು ಬದಿಗೆ ಇನ್ನೂ 3.4 ಮೀಟರ್ ಬೇಕು. ಎರಡು ರೋಲ್ ಒಟ್ಟಿಗೇ ತನ್ನಿ, ಆಮೇಲೆ ಹೋದರೆ ಅದೇ ಬಣ್ಣ ಸಿಗುವುದು ಕಷ್ಟ. ಬಣ್ಣದ ಲೇಸ್ ಆದರೆ ಒದ್ದೆ ಮಾಡಿ ಬಿಳಿ ಬಟ್ಟೆ ಮೇಲಿಟ್ಟು ಒತ್ತಿ ನೋಡಿ, ಬಣ್ಣ ಬಿಟ್ಟರೆ ಬೇಡ.

ಪೈಪಿಂಗ್ ಸಪ್ಪೆ ಅನ್ನಿಸಿದರೆ ಹಳೇ ಇಳಕಲ್ ಸೀರೆ ಇದೆಯಾ ನೋಡಿ. ಆ ಕೆಂಪು ದಡಿ ಸಾಸಿವೆ ಬಣ್ಣಕ್ಕೆ ಹೇಳಿ ಮಾಡಿಸಿದ ಹಾಗೆ ಒಪ್ಪುತ್ತದೆ. ವರ್ಷಗಟ್ಟಲೆ ಒಗೆದಿರುವುದರಿಂದ ಕುಗ್ಗುವುದಿದ್ದರೆ ಆಗಲೇ ಕುಗ್ಗಿರುತ್ತದೆ. ಐದೂವರೆ ಮೀಟರ್ ಸೀರೆಯಲ್ಲಿ ಎರಡು ಬದಿ ಸೇರಿ 11 ಮೀಟರ್ ದಡಿ, ಸೆರಗು ಬಿಟ್ಟರೂ ಐದು ಕುಶನ್‌ಗೆ ಆಗುತ್ತದೆ. ಬೆಳಕಿಗೆ ಹಿಡಿದು ನೋಡಿ, ಪಿಸಿದಿದ್ದರೆ ಬಿಡಿ. ಗಟ್ಟಿ ಇದ್ದರೆ ಕುಶನ್ನಿನ ಮುಂದಿನ ತುಂಡಿಗೆ ಮೊದಲೇ ಚಪ್ಪಟೆಯಾಗಿ ಹಚ್ಚಿ, ಮೂಲೆಗಳನ್ನು ಓರೆಯಾಗಿ ಮಡಚಿ, ಹಿಂದಿನ ತುಂಡು, ಜಿಪ್ ಎಲ್ಲ ಆಮೇಲೆ ಹೊಲಿಯಿರಿ.