ದೆಗಾನ್ಯಕ್ಕೆ ಹೊರಟ ತಂಗಿಗೆ

ಇಸ್ರೇಲಿನ ದೆಗಾನ್ಯದಲ್ಲಿ ಅಜ್ಜಿಯೊಬ್ಬರನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿದೆ, ಕಿಬುತ್ಸ್ ಅಂದರೆ ಏನಕ್ಕಾ, ಚಳಿ ಜಾಸ್ತಿಯಾ, ಊಟಕ್ಕೆ ಏನು ಗತಿ ಅಂತ ಕೇಳಿದ್ದೀಯ. ಚಳಿಯ ಚಿಂತೆ ಬಿಡು. ಕಿನ್ನೆರೆತ್ ಸರೋವರದ ದಡ ಅದು, ಸಮುದ್ರ ಮಟ್ಟಕ್ಕಿಂತ ಸುಮಾರು 200 ಮೀಟರ್ ಕೆಳಗೆ. ಬೇಸಿಗೆಯಲ್ಲಿ ನಮ್ಮ ಉಡುಪಿಯೇ ವಾಸಿ. ಊಟಕ್ಕೆ ಎರಡು ಕಿಲೋ ಕುಚ್ಚಲಕ್ಕಿ ತಾ, ಉಳಿದದ್ದು ಅಭ್ಯಾಸವಾಗುತ್ತದೆ.

ಕಿಬುತ್ಸ್ ಬಗ್ಗೆ ಮಾತ್ರ ಸ್ವಲ್ಪ ಹೇಳಬೇಕು. ಎಲ್ಲರೂ ಕೂಡಿ ದುಡಿದು, ಬಂದದ್ದನ್ನು ಹಂಚಿಕೊಂಡು ಬಾಳಲು ಕಟ್ಟಿದ ಹಳ್ಳಿ ಅದು. ನಾನು ಇದ್ದದ್ದು ಅಲ್ಲೇ ಹತ್ತಿರದ ಇನ್ನೊಂದರಲ್ಲಿ. ಆದರೆ ಎಲ್ಲಕ್ಕೂ ಮೊದಲನೆಯದು ದೆಗಾನ್ಯ. 1910ರಲ್ಲಿ ಹತ್ತು ಗಂಡಸರು, ಇಬ್ಬರು ಹೆಂಗಸರು ಸೇರಿ ಉಮ್ ಜೂನಿ ಎಂಬಲ್ಲಿ ಶುರು ಮಾಡಿದರು. ಮೇಲೆ ಮೇಸ್ತ್ರಿ ಬೇಡ, ಕೆಳಗೆ ಕೂಲಿಯವರೂ ಬೇಡ, ದುಡಿದದ್ದು ಎಲ್ಲರದ್ದು ಎಂಬ ಹಟ. ದಗನ್ ಅಂದರೆ ಧಾನ್ಯ, ಹೆಸರು ಬಂದದ್ದು ಅದರಿಂದಲೇ. ಹೆಂಗಸರಿಗೆ ಅಡುಗೆಮನೆಯೇ ಗತಿ ಅನ್ನುವುದು ಅಲ್ಲಿಯೂ ಇತ್ತು, ಏನಂದುಕೊಂಡೆ! ಆ ಇಬ್ಬರು ಹೆಂಗಸರಲ್ಲಿ ಒಬ್ಬರಾದ ಮಿರಿಯಮ್ ಬರಾಟ್ಸ್ ಹಟ ಹಿಡಿದು ಹಾಲು ಕರೆಯಲು ಕಲಿತು ಕೊಟ್ಟಿಗೆಯ ಕೆಲಸಕ್ಕೆ ಇಳಿದರು. 1948ರ ಯುದ್ಧದಲ್ಲಿ ಅಲ್ಲೇ ನಿಂತುಹೋದ ಸಿರಿಯಾದ ಟ್ಯಾಂಕ್ ಇಂದಿಗೂ ಇದೆ, ನೋಡುತ್ತೀಯ. 2007ರಿಂದ ದೆಗಾನ್ಯದವರೂ ಬದಲಾದರು, ಈಗ ಅವರವರ ದುಡಿಮೆಗೆ ತಕ್ಕ ಸಂಬಳ.

ಇದೆಲ್ಲ ನನಗೆ ಹೇಳಿದ್ದು ನಾನು ನೋಡಿಕೊಳ್ಳುತ್ತಿದ್ದ ಸಾಫ್ತಾ. ಅಂದರೆ ಅಜ್ಜಿ. ಹೋದ ಹೊಸದರಲ್ಲಿ ನಾನು ಅವರನ್ನು ಗಾಲಿಕುರ್ಚಿಯಲ್ಲಿ ಹದರ್ ಓಖೆಲ್‌ಗೆ ಕರೆದುಕೊಂಡು ಹೋಗುತ್ತಿದ್ದೆ. ಊರೆಲ್ಲ ಒಟ್ಟಿಗೆ ಉಣ್ಣುವ ಹಾಲ್ ಅದು. ಅವರಿಗೆ ಬಡಿಸಿ, ನಾನು ಬಾಗಿಲ ಪಕ್ಕ ನಿಂತಿರುತ್ತಿದ್ದೆ. ಆಮೇಲೆ ರೂಮಿನಲ್ಲಿ ಉಣ್ಣುತ್ತಿದ್ದೆ. ಕೆಲಸದ ಮನೆಯಲ್ಲಿ ಯಜಮಾನರ ಜೊತೆ ಕೂರುವುದುಂಟಾ? ನಿನಗೆ ಗೊತ್ತೇ ಇದೆ. ಅವರು ಪಕ್ಕದ ಕುರ್ಚಿ ತಟ್ಟಿ ತೋರಿಸುತ್ತಿದ್ದರು. ನಾನು ನಕ್ಕು ತಲೆಯಾಡಿಸುತ್ತಿದ್ದೆ. ಅದೇ ಮರ್ಯಾದೆ ಅಂದುಕೊಂಡಿದ್ದೆ.

ಎರಡು ವರ್ಷ ಕಳೆದ ಮೇಲೆ, ಭಾಷೆ ಸ್ವಲ್ಪ ಬಂದಾಗ, ಒಂದು ದಿನ ಅಂದರು: 'ಕೂಲಿಗೆ ಜನ ಇಟ್ಟುಕೊಳ್ಳಬಾರದು ಅಂತ ನಮ್ಮಪ್ಪ ಊರೆಲ್ಲ ಜಗಳ ಆಡಿದವರು. ನೀನು ಹಾಗೆ ನಿಂತಾಗ ನನಗೆ ತುತ್ತು ಇಳಿಯುವುದಿಲ್ಲ.'

ಮರುದಿನ ಕೂರೋಣ ಅಂದುಕೊಂಡೆ. ಆ ವಾರವೇ ಅವರು ಬಿದ್ದು ಸೊಂಟ ಮುರಿಯಿತು. ಮತ್ತೆ ಆ ಹಾಲ್‌ಗೆ ಹೋಗಲಿಲ್ಲ. ಮಂಚದ ಪಕ್ಕ ಸ್ಟೂಲ್ ಹಾಕಿಕೊಂಡು ನಾನೂ ತಟ್ಟೆ ಹಿಡಿದು ಕೂರುತ್ತಿದ್ದೆ, ಆದರೆ ಅಷ್ಟೊತ್ತಿಗೆ ಅವರು ಉಣ್ಣುವುದೇ ಬಿಟ್ಟಂತಾಗಿತ್ತು.

ಪಾಸ್‌ಪೋರ್ಟ್ ಜೆರಾಕ್ಸ್ ಎರಡು ಇಟ್ಟುಕೋ. ಮೊದಲ ದಿನ ಅಜ್ಜಿ ಕುರ್ಚಿ ತೋರಿಸಿದರೆ ಸುಮ್ನೆ ಕೂತುಬಿಡು.