ಊದಿದರೆ ತಲೆ ಸುತ್ತುತ್ತದೆ, ಶಿಕ್ಷಕರನ್ನು ಬದಲಿಸಲೇ?

ಪ್ರಶ್ನೆ: ಮನೆಯಲ್ಲೇ ಪಾಠ ಹೇಳುವ ಶಿಕ್ಷಕರೊಬ್ಬರ ಬಳಿ ಎರಡು ತಿಂಗಳಿಂದ ವಾರಕ್ಕೊಮ್ಮೆ ಕೊಳಲು ಕಲಿಯುತ್ತಿದ್ದೇನೆ. ಹತ್ತು ನಿಮಿಷ ಊದಿದರೆ ತಲೆ ಸುತ್ತುತ್ತದೆ, ತಾರಸ್ಥಾಯಿಯಲ್ಲಿ, ಅಂದರೆ ಎತ್ತರದ ಸ್ವರಗಳಲ್ಲಿ, ನಾದ ಕೀರಲಾಗುತ್ತದೆ. ಅವರು ಇನ್ನೂ ದೀರ್ಘಸ್ವರಗಳನ್ನೇ ಊದಿಸುತ್ತಿದ್ದಾರೆ. ಬೇರೆಯವರನ್ನು ಹುಡುಕಲೇ?

ಉತ್ತರ: ಈಗಲೇ ಬೇಡ. ಕೊಳಲಿನಲ್ಲಿ ನಾದಸ್ವರಕ್ಕಿರುವಂತೆ ಜೀವಾಳಿ, ಅಂದರೆ ಊದಿದಾಗ ಕಂಪಿಸುವ ಪೀಪಿ, ಇಲ್ಲ; ತುಟಿಯಿಂದ ಹೊರಟ ಗಾಳಿ ಊದುರಂಧ್ರದ ಎದುರಂಚಿಗೆ ತಗುಲಿ, ಒಳಕ್ಕೂ ಹೊರಕ್ಕೂ ತೂಗಾಡುವುದರಿಂದಲೇ ನಾದ ಹುಟ್ಟುತ್ತದೆ. ತುಟಿಯ ಸೀಳು ಅಗಲವಾಗಿದ್ದರೆ ಗಾಳಿಯ ಬಹುಪಾಲು ವ್ಯರ್ಥವಾಗಿ, ನೀವು ಮತ್ತೆ ಮತ್ತೆ ಆಳವಾಗಿ ಉಸಿರೆಳೆಯುತ್ತೀರಿ. ಆಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಕಡಿಮೆಯಾಗಿ ತಲೆ ಹಗುರಾಗುತ್ತದೆ. ಹಾಗಾದೊಡನೆ ಕೊಳಲನ್ನು ಕೆಳಗಿಟ್ಟು ಕುಳಿತುಕೊಳ್ಳಿ. ಊದದೇ ಇರುವಾಗಲೂ ತಲೆ ಸುತ್ತಿದರೆ ಮಾತ್ರ ಅದು ವೈದ್ಯರು ನೋಡಬೇಕಾದ ವಿಷಯ.

ತಾರಸ್ಥಾಯಿಗೆ ಬೇಕಾದುದು ಹೆಚ್ಚು ಗಾಳಿಯಲ್ಲ, ವೇಗದ ಗಾಳಿ. ಕನ್ನಡಿಯ ಮುಂದೆ ನಿಂತು ಮಂದ್ರದ (ಕೆಳಗಿನ ಸ್ಥಾಯಿಯ) ಒಂದು ಸ್ವರವನ್ನು ಹಿಡಿದು, ಬೆರಳು ಕದಲಿಸದೆ ತುಟಿಯ ಸೀಳನ್ನು ಅಕ್ಕಿಕಾಳಿನಷ್ಟು ಕಿರಿದಾಗಿಸಿ ನೋಡಿ. ಅದೇ ಸ್ವರ ಒಂದು ಸ್ಥಾಯಿ ಮೇಲಕ್ಕೆ ಜಿಗಿಯುತ್ತದೆ. ದೀರ್ಘಸ್ವರದ ಅಭ್ಯಾಸ ಬೇಸರ ತರಿಸುತ್ತದೆ, ನಿಜ, ಆದರೆ ಈ ಹಿಡಿತವನ್ನು ಕಲಿಸುವುದು ಅದೇ.

ಪಾಠದ ವೇಳೆ ಶಿಕ್ಷಕರು ನಿಮ್ಮ ತುಟಿ, ಭುಜಗಳನ್ನು ಗಮನಿಸದೆ ಮೊಬೈಲ್ ನೋಡುತ್ತಿದ್ದರೆ, ಒಮ್ಮೆಯೂ ನಿಮ್ಮೊಡನೆ ಊದಿ ತೋರಿಸದಿದ್ದರೆ, ಆಗ ಬದಲಿಸುವ ಮಾತು. ತಪ್ಪಿದ ತರಗತಿಯ ಶುಲ್ಕದ ವಿಷಯವನ್ನೂ ಮೊದಲೇ ಕೇಳಿಕೊಳ್ಳಿ. ಮನೆಪಾಠಗಳಲ್ಲಿ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಅಲ್ಲಿಯೇ.