ಮ್ಯಾಂಗೊ ಸ್ಟ್ರೀಟಿನ ಕಿಟಕಿಗಳನ್ನು ಎಣಿಸಿ

ಕಳೆದ ಸಂಚಿಕೆಯಲ್ಲಿ ಸಾಂಡ್ರಾ ಸಿಸ್ನೆರೋಸ್ ಅವರ ‘ದ ಹೌಸ್ ಆನ್ ಮ್ಯಾಂಗೊ ಸ್ಟ್ರೀಟ್’ ಕಾದಂಬರಿಯ ಬಗ್ಗೆ ಮೈಸೂರು, ಮಂಡ್ಯದ ಓದುಗರ ಅಭಿಪ್ರಾಯ ಕೇಳಿದ್ದೆವು. ಶಿಕಾಗೊದ ಬಡವರ ಬೀದಿಯೊಂದರಲ್ಲಿ ಬೆಳೆಯುವ ಮೆಕ್ಸಿಕೊ ಮೂಲದ ಹುಡುಗಿ ಎಸ್ಪೆರಾನ್ಸಾಳ ಕತೆ ಅದು. 1984ರಲ್ಲಿ ಮೊದಲು ಅಚ್ಚಾಯಿತು. ಬಂದ ಪತ್ರಗಳಲ್ಲಿ ಮೆಚ್ಚುಗೆ ಎಷ್ಟಿದೆಯೋ ತಕರಾರೂ ಅಷ್ಟೇ ಇದೆ. ಉತ್ತರ ಬೇಡುವ ಪತ್ರಗಳನ್ನಷ್ಟೇ ಇಲ್ಲಿ ತೆಗೆದುಕೊಂಡಿದ್ದೇವೆ.

ಕುವೆಂಪುನಗರ, ಮೈಸೂರು: ಅರ್ಧ ಪುಸ್ತಕ ಓದಿದೆ. ಕತೆಯೇ ಮುಂದೆ ಹೋಗುವುದಿಲ್ಲ. ಒಂದು ಪುಟದಲ್ಲಿ ಕೂದಲು, ಇನ್ನೊಂದರಲ್ಲಿ ಸೈಕಲ್ಲು. ಇದನ್ನು ಕಾದಂಬರಿ ಎನ್ನುವುದು ಹೇಗೆ?

ಹೆಚ್ಚಿನವರು ಪುಸ್ತಕ ಕೆಳಗಿಡುವುದು ಈ ಕಾರಣಕ್ಕೇ. ಇದರಲ್ಲಿ 44 ಅಧ್ಯಾಯಗಳಿವೆ, ಎಷ್ಟೋ ಒಂದೆರಡು ಪುಟದವು. ‘ಮುಂದೇನಾಯಿತು’ ಎಂದು ಹುಡುಕುತ್ತಾ ಹೋದರೆ ಕೈಗೆ ಏನೂ ಸಿಗದು. ‘ಇದನ್ನು ಎಲ್ಲಿ ನೋಡಿದ್ದೆ’ ಎಂದು ಕೇಳಿಕೊಳ್ಳುತ್ತಾ ಓದಿ.

ಪೆನ್ಸಿಲ್ ಹಿಡಿದು ಕಿಟಕಿಗಳಿಗೆ ಗುರುತು ಹಾಕುವುದು ಸುಲಭದ ದಾರಿ. 4ನೇ ಅಧ್ಯಾಯದಲ್ಲಿ ಎಸ್ಪೆರಾನ್ಸಾಳ ಮುತ್ತಜ್ಜಿ ಬರುತ್ತಾಳೆ. ಒಲ್ಲೆ ಎಂದವಳನ್ನು ತಲೆಗೆ ಗೋಣಿಚೀಲ ಮುಚ್ಚಿ ಹೊತ್ತೊಯ್ದು ಮದುವೆಯಾದರು. ಉಳಿದ ಆಯುಷ್ಯವನ್ನು ಅವಳು ಕಿಟಕಿಯ ಬಳಿಯೇ ಕಳೆದಳು. ಮರಿಮೊಮ್ಮಗಳಿಗೆ ಬಂದಿರುವುದು ಅದೇ ಹೆಸರು. ಅಜ್ಜಿಯ ಹೆಸರಿಡುವುದು ನಮಗೆ ಹೊಸದಲ್ಲ. ಆದರೆ ಈ ಹುಡುಗಿ ಹೆಸರು ಬಂದರೂ ಕಿಟಕಿಯ ಪಕ್ಕದ ಆ ಜಾಗ ಬೇಡ ಎನ್ನುತ್ತಾಳೆ. ಮತ್ತೆ 30ಕ್ಕೆ ಬನ್ನಿ: ಇಂಗ್ಲಿಷ್ ಬಾರದ ಮಾಮಾಸೀತಾ ಕಿಟಕಿಯ ಬಳಿ ಸ್ಪ್ಯಾನಿಷ್ ರೇಡಿಯೊ ಹಾಕಿಕೊಂಡು ಕೂತಿದ್ದಾಳೆ. 31ರಲ್ಲಿ ರಫಾಯೆಲಾ. ಚೆಲುವೆ ಎಂದು ಗಂಡ ಬೀಗ ಹಾಕಿ ಹೋಗಿರುತ್ತಾನೆ. ಅವನು ಡಾಮಿನೋಸ್ ಆಡಲು ಹೋಗುವ ಮಂಗಳವಾರ ಅವಳು ಕಿಟಕಿಯಿಂದ ದುಡ್ಡು ಎಸೆದು, ಹಗ್ಗ ಇಳಿಬಿಟ್ಟು, ಮಕ್ಕಳಿಂದ ಎಳನೀರೋ ಪಪ್ಪಾಯ ರಸವೋ ತರಿಸಿಕೊಳ್ಳುತ್ತಾಳೆ. 40ಕ್ಕೆ ಬರುವ ಹೊತ್ತಿಗೆ ಎಂಟನೇ ತರಗತಿಗೂ ಮುಂಚೆ ಮದುವೆಯಾದ ಸ್ಯಾಲಿಗೆ ಕಿಟಕಿಯಾಚೆ ನೋಡುವ ಅಪ್ಪಣೆಯೂ ಇಲ್ಲ.

ಮೊದಲ ಕಿಟಕಿಯಿಂದ ಈ ಕೊನೆಯದರವರೆಗೆ ಕಿರಿದಾಗುತ್ತಾ ಬರುವ ಜಾಗವೇ ಈ ಕಾದಂಬರಿಯ ಕತೆ. ಬಿಡಿ ಕತೆಗಳಂತೆ ಅಲ್ಲೊಂದು ಇಲ್ಲೊಂದು ಓದಿದವರಿಗೆ ಇದು ಕಾಣಿಸುವುದಿಲ್ಲ. ದಯವಿಟ್ಟು ಮೊದಲಿನಿಂದ ಓದಿ, ಕ್ರಮ ತಪ್ಪಿಸಬೇಡಿ.

ಗುತ್ತಲು ರಸ್ತೆ, ಮಂಡ್ಯ: ಹುಡುಗಿಗೆ ತನ್ನ ಮನೆಯ ಬಗ್ಗೆಯೇ ನಾಚಿಕೆ. ಇಂಥವಳನ್ನು ನಾಯಕಿ ಎಂದು ಮೆಚ್ಚುವುದು ಸರಿಯೆ?

ನಾಚಿಕೆ ಇದೆ, ನಿಜ. ಅದು ಅವಳಲ್ಲಿ ಹುಟ್ಟಿದ್ದು ಹೇಗೆ ಎಂಬುದನ್ನೂ ನೋಡಬೇಕು. ಹಿಂದೆ ಬಾಡಿಗೆಗಿದ್ದ ಮನೆಯ ಮುಂದೆ ಶಾಲೆಯ ಸನ್ಯಾಸಿನಿಯೊಬ್ಬರು ‘ಅಲ್ಲಿಯಾ ನೀನಿರೋದು?’ ಎನ್ನುವ ಧಾಟಿಯಲ್ಲಿ ಕೇಳುತ್ತಾರೆ. 18ನೇ ಅಧ್ಯಾಯದಲ್ಲಿ ಇನ್ನೊಬ್ಬರು ಕಿಟಕಿಯಿಂದ ಹಾಳು ಕಟ್ಟಡಗಳ ಸಾಲು ತೋರಿಸುತ್ತಾರೆ. ಅದು ಅವಳ ಮನೆಯೇ ಅಲ್ಲ, ಆದರೂ ಅಳುತ್ತಾ ಹೌದೆಂದು ತಲೆಯಾಡಿಸಿಬಿಡುತ್ತಾಳೆ. ವಠಾರದಲ್ಲಿ ಬೆಳೆದ ಯಾರಿಗೂ ಈ ಪುಟವನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನು 34ನ್ನೂ 41ನ್ನೂ ಒಟ್ಟಿಗೆ ಓದಿ. ಸ್ವಂತ ಮನೆಯಾದ ಮೇಲೆ ಬೀದಿಯಲ್ಲಿ ಅಲೆಯುವವರಿಗೆ ಅಟ್ಟದಲ್ಲಿ ಜಾಗ ಕೊಡುತ್ತೇನೆ ಎನ್ನುತ್ತಾಳೆ. ಹೊರಟುಹೋಗಲಾರದವರಿಗಾಗಿ ನೀನು ವಾಪಸು ಬರಬೇಕು ಎಂದು ಮೂವರು ಮುದುಕಿಯರು ಅವಳಿಗೆ ಹೇಳುತ್ತಾರೆ. ತನ್ನವರನ್ನು ತೊರೆಯುವವಳ ಮಾತೆಂದು ನಮಗೆ ಅನಿಸುವುದಿಲ್ಲ.

ಸರಸ್ವತಿಪುರಂ, ಮೈಸೂರು: ಮಗಳಿಗೆ ಹದಿಮೂರು. ಪುಸ್ತಕ ತೆಳ್ಳಗಿದೆ, ಭಾಷೆ ಸರಳ. ಕೊಡಬಹುದೆ?

ಕೊಡಿ, ಆದರೆ ಮೊದಲು ನೀವು ಓದಿ. ಭಾಷೆ ಸರಳವಿದೆ ಎಂದು ಮಕ್ಕಳ ಪುಸ್ತಕ ಎಂದುಕೊಳ್ಳುವುದರಲ್ಲೇ ಎಡವಟ್ಟಾಗುವುದು. 21ರಲ್ಲಿ ಕೆಲಸದ ಜಾಗದಲ್ಲಿ ವಯಸ್ಸಾದವನೊಬ್ಬ ಎಸ್ಪೆರಾನ್ಸಾಳ ಮುಖ ಹಿಡಿದು ಬಲವಂತವಾಗಿ ಮುತ್ತಿಡುತ್ತಾನೆ. 37ರಲ್ಲಿ ಸ್ಯಾಲಿಯ ಅಪ್ಪ ಅವಳಿಗೆ ಹೊಡೆಯುತ್ತಾನೆ. 39ರಲ್ಲಿ ಜಾತ್ರೆಯಂಥ ಕಡೆ ಎಸ್ಪೆರಾನ್ಸಾಳ ಮೇಲೆ ಲೈಂಗಿಕ ದೌರ್ಜನ್ಯ ನಡೆಯುತ್ತದೆ. ಏನಾಯಿತೆಂದು ಲೇಖಕಿ ಬಿಡಿಸಿ ಬರೆದಿಲ್ಲ, ಹುಡುಗಿಯ ಒಡೆದ ಮಾತಷ್ಟೇ ಇದೆ. ಹಾಗಾಗಿ ಒಬ್ಬಳೇ ಓದುವ ಮಗುವಿಗೆ ಪೂರ್ತಿ ಅರ್ಥವಾಗದೆ ಭಯ ಮಾತ್ರ ಉಳಿಯಬಹುದು. ಆ ಪುಟಗಳನ್ನು ಪಿನ್ನು ಹೊಡೆದು ಮುಚ್ಚಬೇಡಿ. ಆ ದಿನ ಪಕ್ಕದಲ್ಲಿ ಕೂತಿರಿ, ಅವಳು ಕೇಳಿದ್ದಕ್ಕೆ ನೇರವಾಗಿ ಉತ್ತರ ಕೊಡಿ.

ಮದ್ದೂರು: ಕನ್ನಡಕ್ಕೆ ತರುವ ಆಸೆ. ಎಲ್ಲಿ ಎಚ್ಚರ ಬೇಕು?

ಬಹಳ ಸಂತೋಷ. ಮೊದಲು ಹಕ್ಕಿನ ಮಾತು: ಅನುವಾದ ಪ್ರಕಟಿಸುವ ಮುನ್ನ ಹಕ್ಕುದಾರರ ಲಿಖಿತ ಒಪ್ಪಿಗೆ ಬೇಕೇ ಬೇಕು.

ಮೂಲದಲ್ಲಿ ಮಾತುಗಳಿಗೆ ಉದ್ಧರಣ ಚಿಹ್ನೆ ಇಲ್ಲ. ಯಾರ ಮಾತು ಎಲ್ಲಿ ಮುಗಿಯಿತು ಎಂದು ಇಂಗ್ಲಿಷ್ ಓದುಗ ತಡವರಿಸುತ್ತಾನೆ. ನಮ್ಮಲ್ಲಿ ಆ ತೊಡಕಿಲ್ಲ. ‘ಅಂದಳು’, ‘ಅಂತ’ ಇವೇ ಮಾತಿಗೆ ಬೇಲಿ ಹಾಕುತ್ತವೆ. ಆದ್ದರಿಂದ ಚಿಹ್ನೆ ಸೇರಿಸಲು ಹೋಗಬೇಡಿ. ಈ ಬರಹ ಕನ್ನಡದಲ್ಲಿ ಇನ್ನೂ ಸಹಜವಾಗಿ ಕೂರುತ್ತದೆ ಎಂಬುದು ನಮ್ಮ ನಂಬಿಕೆ.

ಶೀರ್ಷಿಕೆಗೆ ‘ಮಾವಿನಕೇರಿ’ ಎಂದು ಬರೆದಿದ್ದೀರಿ. ಕಿವಿಗೆ ಇಂಪಾಗಿದೆ, ಆದರೆ ಎರಡು ತೊಂದರೆ. ಅಲ್ಲಿ ಮಾವಿನ ಮರವೇ ಇಲ್ಲ, ಮನೆ ಮುಂದೆ ನಗರಾಡಳಿತ ನೆಟ್ಟ ನಾಲ್ಕು ಎಲ್ಮ್ ಗಿಡಗಳಿವೆ. ಮೇಲಾಗಿ ‘ಕೇರಿ’ ಎಂದಕೂಡಲೇ ನಮ್ಮೂರಿನ ಜಾತಿಯ ಗೆರೆಗಳು ಕಣ್ಣಮುಂದೆ ಬರುತ್ತವೆ. ಎಸ್ಪೆರಾನ್ಸಾ ಅನುಭವಿಸುವ ಬೇರ್ಪಡಿಕೆ ಬಣ್ಣದ್ದು, ವಲಸೆಯದು, ಬಡತನದ್ದು. ‘ಮ್ಯಾಂಗೊ ಬೀದಿ’ ಸಾಕು.

19ನೇ ಅಧ್ಯಾಯದ ಹೆಸರು ‘ಚಾಂಕ್ಲಾಸ್’. ನಿಘಂಟು ನೋಡಿ ‘ಹವಾಯಿ ಚಪ್ಪಲಿ’ ಎಂದು ಬರೆದರೆ ಕತೆ ಕೆಡುತ್ತದೆ. ಅಮ್ಮ ಹೊಸ ಬಟ್ಟೆ ತಂದು ಹೊಸ ಶೂ ಮರೆತಿದ್ದಾಳೆ, ಮಗಳು ಸಮಾರಂಭಕ್ಕೆ ಶಾಲೆಯ ಕಂದು-ಬಿಳಿ ಶೂ ಹಾಕಿಕೊಂಡು ಬಂದು ಕಾಲು ಬಚ್ಚಿಟ್ಟು ಕೂತಿದ್ದಾಳೆ. ‘ಹಳೇ ಮೆಟ್ಟು’ ಹತ್ತಿರದ ಮಾತು. ‘ಕೊಮಾದ್ರೆ’ಗೆ ‘ಬೀಗಿತ್ತಿ’ ಬೇಡ. ನಮ್ಮದು ಮದುವೆಯ ನಂಟು, ಅದು ಮಗುವಿನ ಜ್ಞಾನಸ್ನಾನದಿಂದ ಬೆಳೆದ ನಂಟು. ಸ್ಪ್ಯಾನಿಷ್ ಪದವನ್ನೇ ಉಳಿಸಿ.

ಮಂಡ್ಯ: ಹತ್ತು ಮಂದಿ ಸೇರಿ ಓದುವವರಿದ್ದೇವೆ. ಎಷ್ಟು ವಾರ ಬೇಕು?

ಐದು. 1ರಿಂದ 10, 11ರಿಂದ 20, 21ರಿಂದ 29, 30ರಿಂದ 36, ಕೊನೆಗೆ 37ರಿಂದ 44. ಯಾವ ಕಾರಣಕ್ಕೂ 39ಕ್ಕೆ ಸಭೆ ಮುಗಿಸಬೇಡಿ. ಅದನ್ನು ಎದೆಯಲ್ಲಿಟ್ಟುಕೊಂಡು ಒಂದು ವಾರ ಕಾಯುವುದು ಕಷ್ಟ. ಕೊನೆಯ ಸಭೆಗೆ ಎರಡು ಗಂಟೆ ಇರಲಿ. ಪ್ರತಿ ಸಲ ಎರಡು ಅಧ್ಯಾಯ ಗಟ್ಟಿಯಾಗಿ ಓದಿಸಿ, ಪ್ರತಿ ಸಲ ಬೇರೆಯವರಿಂದ. ಇಂಗ್ಲಿಷ್ ಚೆನ್ನಾಗಿ ಬರುವ ಒಬ್ಬರೇ ಓದಿದರೆ ಮೂರನೇ ವಾರಕ್ಕೆ ಉಳಿದವರು ಬರುವುದು ನಿಲ್ಲಿಸುತ್ತಾರೆ.

ಚಾಮುಂಡಿಪುರಂ, ಮೈಸೂರು: ಇದು ಲೇಖಕಿಯ ಆತ್ಮಕತೆಯೆ?

ಅಲ್ಲ. ಸಿಸ್ನೆರೋಸ್ 1954ರಲ್ಲಿ ಶಿಕಾಗೊದಲ್ಲೇ ಹುಟ್ಟಿದವರು, ಆರು ಗಂಡುಮಕ್ಕಳ ನಡುವೆ ಒಬ್ಬಳೇ ಮಗಳು. ಎಸ್ಪೆರಾನ್ಸಾಗೆ ನೆನ್ನಿ ಎಂಬ ತಂಗಿಯಿದ್ದಾಳೆ, ಇಬ್ಬರೇ ತಮ್ಮಂದಿರು. 25ನೇ ವರ್ಷದ ಆವೃತ್ತಿ ಸಿಕ್ಕರೆ ಅದರಲ್ಲಿ ಲೇಖಕಿ ಈ ಪುಸ್ತಕ ಬರೆದ ದಿನಗಳ ಬಗ್ಗೆ ಮುನ್ನುಡಿ ಇದೆ. ಅದನ್ನು ಕಾದಂಬರಿ ಮುಗಿದ ಮೇಲೆ ಓದಿ.